ಕಂಪ್ಲಿಯಲ್ಲಿ ಎದ್ದ ಡ್ಯಾಮಿನ ಗೇಟುಗಳು

ಹೊಸಪೇಟೆಯಲ್ಲಿ ಕಂಪ್ಲಿ ಬಸ್ಸು ಹತ್ತಿದ್ದೇ ತಡ, ನನಗೆ ಹೊಟ್ಟೆಯುರಿ ಶುರುವಾಯಿತು. ಪಕ್ಕದ ಸೀಟಿನ ಅಮ್ಮ ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್ ಪಡೆದರು, ನಾನು ನಲವತ್ತು ರೂಪಾಯಿ ತೆತ್ತೆ. ಆದರೆ ನಿಜವಾದ ಉರಿ ಇದ್ದದ್ದು ಕಂಪ್ಲಿಯಲ್ಲಿ. ಗೆಳೆಯ ವೀರೇಶನ ಹಳೇ ಕಂಪ್ಯೂಟರ್ ಇವತ್ತಿಗೂ ನಡೆಯುತ್ತದಂತೆ! ನಮ್ಮ ಗುಂಪಿನಲ್ಲಿ ಮೊದಲು ಕಂಪ್ಯೂಟರ್ ತಂದವನು ನಾನು, ಅದೂ ಕಲರ್ ಪರದೆಯದು. ಅವನದು ಬರೀ ಕಪ್ಪು-ಬಿಳುಪು. ನನ್ನದು ಮದುವೆಗೆ ಮೊದಲೇ ಗುಜರಿಗೆ ಹೋಯಿತು, ಅವನದು ಇನ್ನೂ ಗಟ್ಟಿಯಾಗಿದೆ. ಇದನ್ನು ಹೇಗೆ ಸಹಿಸಲಿ?

ನನ್ನ ಚೀಲದಲ್ಲಿ ಅಂಗೈಯಗಲದ ಒಂದು ಫ್ಲಾಪಿಯಿತ್ತು. ಅದರಲ್ಲಿ ನಾನೇ ಬರೆದ ಪ್ರೋಗ್ರಾಂ. ಅದನ್ನು ಓಡಿಸಿದರೆ ಪರದೆಯ ಮೇಲೆ ತುಂಗಭದ್ರಾ ಡ್ಯಾಮ್ ಮೂಡಿ, ಗೇಟುಗಳು ಒಂದೊಂದಾಗಿ ಎದ್ದು, ನೀಲಿ ನೀರು ಧುಮುಕುತ್ತಿತ್ತು. ಈಗಿನ ಯಾವ ಕಂಪ್ಯೂಟರಿನಲ್ಲೂ ಆ ಫ್ಲಾಪಿ ತೂರಿಸಲು ಜಾಗವೇ ಇಲ್ಲ. ಸಾಯುವುದರೊಳಗೆ ಒಮ್ಮೆ ಆ ಗೇಟು ಏಳುವುದನ್ನು ನೋಡಬೇಕು, ಅಷ್ಟೇ ನನ್ನ ಆಸೆ.

ಬಸ್ಸಿನಲ್ಲಿ ಜೊತೆಗೆ ನಮ್ಮ ಗುಂಪಿನ ಸಂಡೂರಿನ ಖಾದರ್ ಇದ್ದ. ಗಣಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವನು. ಕಮಲಾಪುರದಲ್ಲಿ ಹಂಪಿ ನೋಡುವವರೆಲ್ಲ ಇಳಿದರು. ಅಲ್ಲಿಂದ ಮುಂದೆ ಬಾಳೆ, ಕಬ್ಬು, ಕಾಲುವೆ, ಗದ್ದೆ. ಕಿಟಕಿಯಿಂದ ಬಿಸಿಗಾಳಿ ಹೊಡೆಯುತ್ತಿತ್ತು.

"ನಮ್ಮ ಆಫೀಸ್ನಾಗ ಚಪ್ಲಿ ಬಿಟ್ಟು ಕಂಪ್ಯೂಟರ್ ರೂಮಿಗೆ ಹೋಗ್ತಿದ್ವಿ ನೋಡಲೇ," ಎಂದ ಖಾದರ್. "ನಾ ಕನ್ನಡದಾಗ ಟೈಪ್ ಮಾಡಿದ ಕಾಗದ ಬಳ್ಳಾರಿ ಆಫೀಸ್ನಾಗ ತೆಗೆದ್ರ ಬರೀ ಚುಕ್ಕಿ, ಗೀಟು, ಬಾಣ! ಅವ್ರ ಸಾಫ್ಟ್‌ವೇರ್ ಬ್ಯಾರೆ, ನಮ್ದು ಬ್ಯಾರೆ. ಕಡೀಗೆ ಪ್ರಿಂಟ್ ತೆಗೆದು ಬಸ್ಸಿನ್ಯಾಗ ಕಳಿಸ್ತಿದ್ವಿ."

ಕಂಪ್ಲಿಯಲ್ಲಿ ವೀರೇಶನ ಹೆಂಡತಿ ಗೌರಮ್ಮ ಮಂಡಕ್ಕಿ ವಗ್ಗಾಣಿ, ಮಿರ್ಚಿ ಬಜ್ಜಿ ಇಟ್ಟು, "ಮೊದ್ಲು ತಿನ್ರಿ ಅಣ್ಣಾರ, ಅದೇನ್ ಓಡಿ ಹೋಗಂಗಿಲ್ಲ," ಎಂದರು. ಮಿರ್ಚಿ ಮಸ್ತಾಗಿತ್ತು, ಆದರೆ ನನ್ನ ಕಣ್ಣೆಲ್ಲ ಮೂಲೆಯಲ್ಲಿ ಬಟ್ಟೆ ಹೊದ್ದ ಕಂಪ್ಯೂಟರಿನ ಮೇಲಿತ್ತು. ವೀರೇಶ ಬಟ್ಟೆ ಸರಿಸಿ ಗುಂಡಿ ಒತ್ತಿದ. ಕಿರ್ರ್ ಎಂದು ಸದ್ದು ಬಂತು, ಪರದೆ ಬೆಳಗಿತು. ಸುಳ್ಳೇಕೆ ಹೇಳಲಿ, ಅದು ಕೆಟ್ಟು ನಿಲ್ಲಲಿ ಎಂದು ಒಂದು ಕ್ಷಣ ಅನ್ನಿಸಿತು.

ಫ್ಲಾಪಿ ಕೊಟ್ಟೆ. ವೀರೇಶ ಅದನ್ನು ಬೆಳಕಿಗೆ ಹಿಡಿದು ಹೌಹಾರಿದ. "ಫ್ಲಾಪಿಗೆ ಕುಂಕುಮ ಹಚ್ಚಿಯೇನಲೇ!"

ಹಚ್ಚಿದ್ದೆ. ಆಯುಧಪೂಜೆಯಲ್ಲಿ ಕೀಬೋರ್ಡಿನಿಂದ ಫ್ಲಾಪಿಯವರೆಗೆ ಎಲ್ಲಕ್ಕೂ ಬೊಟ್ಟಿಟ್ಟು ಅಭ್ಯಾಸವಾದ ಕೈ ಇದು. ಬೆಳಿಗ್ಗೆ ಹೊರಡುವಾಗ ಕೆಲಸ ಸುಸೂತ್ರವಾಗಲಿ ಎಂದು ಫ್ಲಾಪಿಯನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದೆ. ಪುಡಿ ಉದುರಿ, ನಡುವಿನ ಸೀಳಿನಿಂದ ಒಳಗಿನ ತಟ್ಟೆಗೆ ಹತ್ತಿಬಿಟ್ಟಿತ್ತು.

"ಇದನ್ನ ಹಾಕಿದ್ರ ನನ್ನ ಡ್ರೈವೂ ಹೋಗ್ತೈತಿ. ಬ್ಯಾಡಪಾ," ಎಂದ. ನಾನು ಕುಂಕುಮವನ್ನು ಊದಲು ಹೋದೆ. ಆಗ ಅವನೇ ಮೆಲ್ಲಗೆ, "ನಿನ್ನ ಡ್ಯಾಮ್ ನನ್ನ ಹತ್ರ ಐತಿ. ನೀ ಬರೆದಾಗ್ಲೇ ಕಾಪಿ ಮಾಡ್ಕೊಂಡಿದ್ದೆ," ಎಂದ.

ಕೇಳದೆ ಕಾಪಿ ಮಾಡಿದ್ದಾನೆ ಕಳ್ಳ! ನನ್ನ ಹೆಸರು ಅಳಿಸಿ ತನ್ನದು ಹಾಕಿಕೊಂಡಿರುತ್ತಾನೆ ಎಂದು ಹಲ್ಲು ಕಡಿದು ಕುಳಿತೆ. ಡ್ಯಾಮ್ ಗೆರೆಗೆರೆಯಾಗಿ ಮೂಡಿತು. ಗೇಟುಗಳು ಎದ್ದವು. ನೀಲಿಯ ಬದಲು ಬಿಳಿ ಚುಕ್ಕಿಗಳ ನೀರು ಧುಮುಕಿತು.

"ನಿನ್ನ ಕಲರ್ ಪ್ರೋಗ್ರಾಂ ನನ್ನ ಮಷೀನ್ನಾಗ ಓಡ್ತಿರಲಿಲ್ಲಲೇ. ಕುಂತು ಕುಂತು ಚುಕ್ಕಿ ಹಾಕಿ ನೀರು ಮಾಡೀನಿ," ಎಂದ ವೀರೇಶ.

ಕೊನೆಗೆ ಕೆಳಗೆ ಇಂಗ್ಲಿಷ್ ಅಕ್ಷರಗಳು ಬಂದವು: ಪಂಪಾಪತಿ, ಹೊಸಪೇಟೆ. ನನ್ನದೇ ಹೆಸರು.

"ಮನಿಗೆ ಯಾರ ಬಂದ್ರೂ ಇದನ್ನ ತೋರಿಸಿ, ನಮ್ಮ ಪಂಪಾಪತಿ ಮಾಡಿದ್ದು ಅಂತ ಹೇಳದ ಬಿಡಂಗಿಲ್ರಿ ಇವ್ರು," ಎಂದು ಗೌರಮ್ಮ ನಕ್ಕರು. ಇನ್ನೊಮ್ಮೆ ಓಡಿಸು ಎಂದೆ. ಮತ್ತೂ ಒಮ್ಮೆ ಎಂದೆ.

ನನಗೊಂದು ಕಾಪಿ ಕೊಡು ಎಂದು ಕೇಳಿದ್ದಕ್ಕೆ ವೀರೇಶ, "ಒಯ್ದು ಎಲ್ಲಿ ಓಡಿಸ್ತೀಯಪಾ?" ಎಂದ. ಕುಂಕುಮದ ಫ್ಲಾಪಿಯನ್ನೇ ಮತ್ತೆ ಚೀಲಕ್ಕೆ ಹಾಕಿಕೊಂಡೆ.

ಸಂಜೆಯ ಬಸ್ಸಿನಲ್ಲಿ ಖಾದರ್ ನಿದ್ದೆ ಹೋದ. ಹೊಸಪೇಟೆ ಸಮೀಪಿಸುವಾಗ ಹೆಂಡತಿಯ ಫೋನ್ ಬಂತು. "ನಿಮ್ಮ ಡ್ಯಾಮ್ ಸಿಕ್ತೇನ್ರಿ?" ಎಂದು ಕೇಳಿದಳು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಅದನ್ನು ಒಮ್ಮೆಯೂ ನೋಡಿಲ್ಲ. ಗೌರಮ್ಮ ಎಷ್ಟು ಸಲ ನೋಡಿದ್ದಾರೋ.

"ಸಿಕ್ತು. ಅವನ ಮನ್ಯಾಗ ಐತಿ," ಎಂದೆ.