ಗುಂಪು ತಪ್ಪಿದ ಮೂರು ಡಿಸ್ಕುಗಳು

ಮುಂಬೈಯಲ್ಲಿ ಬೊರಿವಲಿಯ ಲೋಕಲ್ ರೈಲಿನಲ್ಲಿ ನಿಂತೇ ಬಂದು ಎಲ್ಫಿನ್‌ಸ್ಟನ್ ರೋಡಿನಲ್ಲಿ ಇಳಿಯುವಷ್ಟರಲ್ಲಿ ಕೇಶವಮೂರ್ತಿಯವರ ಅರ್ಧ ಶಕ್ತಿ ಸೋರಿಹೋಗಿರುತ್ತಿತ್ತು. ನಂಜನಗೂಡಿನವರು. ಪರೇಲ್‌ನ ಖಾಸಗಿ ಆಸ್ಪತ್ರೆಯೊಂದಕ್ಕೆ ಟೈಪಿಸ್ಟಾಗಿ ಸೇರಿ, ಸಂಜೆ ಕ್ಲಾಸಿನಲ್ಲಿ ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಕಲಿತು, ಕೊನೆಗೆ ಅಲ್ಲಿನ ಕಂಪ್ಯೂಟರ್ ಕೋಣೆಯ ಹೊಣೆ ಹೊತ್ತರು. ರೋಗಿಗಳ ದಾಖಲೆಯೆಲ್ಲ ಮೂರು ಡಿಸ್ಕುಗಳಲ್ಲಿತ್ತು. ಮೂರೂ ಸೇರಿ ಒಂದೇ ದೊಡ್ಡ ಡಿಸ್ಕಿನಂತೆ ದುಡಿಯುವ ಗುಂಪು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಗುರುತು ಪ್ರತಿಯೊಂದರ ತಲೆಭಾಗದಲ್ಲಿ ಇರುತ್ತಿತ್ತು. "ಮೆಷಿನ್ನಿಗೆ ಬಂದದ್ದು ಎಲ್ಲೂ ಹೋಗಲ್ಲ ಸಾರ್" ಎಂದು ಅವರು ಕೊಟ್ಟ ಮಾತಿನ ಮೇಲೆ ಆಸ್ಪತ್ರೆ ಹಳೆಯ ಕೇಸ್‌ಪೇಪರುಗಳಲ್ಲಿ ಅರ್ಧವನ್ನು ಆಗಲೇ ರದ್ದಿಗೆ ಹಾಕಿತ್ತು.

ಎಲ್ಲಿದ್ದರೂ ಆಯುಧಪೂಜೆ ಬಿಟ್ಟವರಲ್ಲ. ತೊಂಬತ್ಮೂರರ ನವಮಿಯಂದು ಮೆಷಿನ್ ಆರಿಸಿ, ಡಿಸ್ಕಿನ ಪೆಟ್ಟಿಗೆಗಳನ್ನು ಕಪಾಟಿನಿಂದ ಇಳಿಸಿ, ಹಿಂದೆ ಮುಂದೆ ಒರೆಸಿ, ಗಂಧ ಹಚ್ಚಿ ಚೆಂಡುಹೂ ಏರಿಸಿದರು. ದಸರಾ ರಜೆ ಮುಗಿಸಿ ಬಂದು ಮೆಷಿನ್ ಹಾಕಿದರೆ ಗುಂಪು ಏಳಲಿಲ್ಲ. ಮೊದಲನೆಯ ಡಿಸ್ಕು ಉತ್ತರವನ್ನೇ ಕೊಡಲಿಲ್ಲ.

ಕಿಟಕಿಯ ಆಚೆ ರೋಗಿಗಳ ಸಾಲು ಬೆಳೆಯುತ್ತಿತ್ತು. ಕ್ಯಾಂಟೀನಿನ ಕಾಂತಪ್ಪ ಚಹಾ ತಂದಿಟ್ಟು ಹೂವಿನತ್ತ ನೋಡಿದರು. "ನಿಮ್ಮ ದೇವರಿಗೆ ಇವತ್ತೂ ರಜೆಯಾ ಮಾರಾಯ್ರೆ?"

"ಸುಮ್ನಿರಿ ಕಾಂತಪ್ಪ. ತಲೆ ಓಡ್ತಿಲ್ಲ."

"ನನ್ನ ಗ್ರೈಂಡರಿಗೂ ಹೂ ಹಾಕಿದ್ದೆ. ಅದು ತಿರುಗ್ತಾ ಉಂಟಪ್ಪ."

ಗುರುತುಗಳ ನಕಲು ಮೆಷಿನ್ನಿನ ಬೇರೊಂದು ಡಿಸ್ಕಿನಲ್ಲಿತ್ತು. ಗಡಿಬಿಡಿಯಲ್ಲಿ ಕೇಶವಮೂರ್ತಿ ಅದನ್ನೇ ತೆಗೆದು, ಉತ್ತರ ಕೊಡುತ್ತಿದ್ದ ಎರಡಕ್ಕೂ ಮತ್ತೆ ಬರೆದರು. ಗುಂಪು ಆಗಲೂ ಏಳಲಿಲ್ಲ. ಸತ್ತದ್ದೆಂದುಕೊಂಡ ಡಿಸ್ಕಿನ ಕೇಬಲ್ ನೋಡಲು ಬಗ್ಗಿದಾಗ ಹಿಂಬದಿಯ ಪುಟ್ಟ ಗುಂಡಿ ಕಣ್ಣಿಗೆ ಬಿತ್ತು. ಅದನ್ನು ಒತ್ತಿದರೆ ಡಿಸ್ಕಿನ ನಂಬರು ಬದಲಾಗುತ್ತದೆ. ಮೆಷಿನ್ ಡಿಸ್ಕನ್ನು ಕರೆಯುವುದು ಆ ನಂಬರಿನಿಂದ. ಮೂರರ ನಂಬರೂ ಬದಲಾಗಿ, ಒಂದರ ನಂಬರಿಗೆ ಇನ್ನೊಂದು ಉತ್ತರ ಕೊಡುತ್ತಿತ್ತು. ಒರೆಸುವಾಗ ಒತ್ತಿದ್ದು ಅವರದೇ ಬೆರಳು. ಈಗ ಒಂದರ ಗುರುತನ್ನು ಇನ್ನೊಂದಕ್ಕೆ ಬರೆದದ್ದೂ ಅವರೇ. ಪೆಟ್ಟಿಗೆಗಳೋ, ಒಂದೇ ಅಚ್ಚಿನವು. ಕಪಾಟಿಗೆ ಹಿಂತಿರುಗಿದ ಕ್ರಮವೂ ನೆನಪಿಲ್ಲ. ದಾಖಲೆಗಳ ಇನ್ನೊಂದು ಪ್ರತಿ ತೆಗೆದಿಡಬೇಕಾದ ಟೇಪ್ ಡ್ರೈವ್ ಮಳೆಗಾಲದಿಂದ ಕೆಟ್ಟು ಕೂತಿತ್ತು.

ಕೀಬೋರ್ಡಿನಿಂದ ಕೈ ಹಿಂದೆಗೆದರು. ಗುಂಪನ್ನು ತಪ್ಪು ಕ್ರಮದಲ್ಲಿ ಎಬ್ಬಿಸಿದರೆ ಮೆಷಿನ್ ತಾನೇ ರಿಪೇರಿಗೆ ಇಳಿದು ಎಲ್ಲವನ್ನೂ ಕಲಸಿಬಿಡುತ್ತದೆ. ಆಮೇಲೆ ರದ್ದಿಗೆ ಹೋದ ಕಾಗದವೂ ಇಲ್ಲ, ಇದೂ ಇಲ್ಲ.

ವೈದ್ಯಕೀಯ ಅಧೀಕ್ಷಕ ಡಾಕ್ಟರ್ ಚನ್ನಬಸಯ್ಯ ಬಾಗಿಲಲ್ಲಿ ನಿಂತರು. ಧಾರವಾಡದವರು. "ಏನ್ರಿ ಮೂರ್ತಿ, ಪೇಶಂಟ್ ಬದುಕ್ತಾನೋ ಇಲ್ಲೋ?"

"ಸಂಜೆತನಕ ಟೈಮ್ ಕೊಡಿ ಸಾರ್. ತಪ್ಪು ನಂದೇ."

"ತಪ್ಪು ಆಮ್ಯಾಲೆ ನೋಡೂಣು. ಹೊರಗ ಮಂದಿ ನನ್ನ ಹರಕೊಂಡು ತಿನ್ನಾಕ್ಹತ್ಯಾರ."

ಗುರುತು ಕೆಟ್ಟರೂ ಒಳಗಿನ ಬರಹ ಹಾಗೇ ಇರಬೇಕು. ಕೇಶವಮೂರ್ತಿ ಒಂದೊಂದೇ ಡಿಸ್ಕನ್ನು ಅದರ ಈಗಿನ ನಂಬರಿನಿಂದ ಕರೆದು, ಅಕ್ಷರಗಳನ್ನು ಇದ್ದಂತೆಯೇ ಪರದೆಗೆ ಎಳೆದು ಓದತೊಡಗಿದರು. ಕಸದಂಥ ಚಿಹ್ನೆಗಳ ನಡುವೆ ಅಲ್ಲೊಂದು ಹೆಸರು, ಇಲ್ಲೊಂದು ತಾರೀಖು. ಮೊದಲ ಡಿಸ್ಕು ತುಂಬಿದ್ದು ಹಳೆಯ ರೋಗಿಗಳಿಂದ ಎಂಬುದು ಗೊತ್ತಿತ್ತು. ಅಷ್ಟನ್ನೂ ಟೈಪ್ ಮಾಡಿಸಿದವರು ಅವರೇ. ಕಸ್ತೂರಿಬಾಯಿ, ಮೂತ್ರಪಿಂಡದ ಕಲ್ಲು, ಎಂಬತ್ತೇಳನೇ ಇಸವಿ. ಇದು ಮೊದಲನೆಯದು. ಇನ್ನೊಂದರಲ್ಲಿ ಕಳೆದ ತಿಂಗಳ ಎಕ್ಸ್‌ರೇ ವರದಿ. ಅದು ಕೊನೆಯದು. ಮಧ್ಯದ್ದನ್ನೂ ಓದಿಯೇ ನಂಬಿದರು. ಕಣ್ಣು ಉರಿಯುತ್ತಿತ್ತು. ಚಹಾ ಕೆನೆಗಟ್ಟಿತ್ತು.

ಗುಂಡಿ ಒತ್ತಿ ನಂಬರುಗಳನ್ನು ಸರಿಪಡಿಸಿ, ನಕಲಿನಿಂದ ಗುರುತುಗಳನ್ನು ಮೂರಕ್ಕೂ ಮತ್ತೆ ಬರೆದು, ಬರೀ ಓದುವುದಕ್ಕಷ್ಟೇ ಗುಂಪನ್ನು ಎಬ್ಬಿಸಿದರು. ಕೈಗೆ ಸಿಕ್ಕ ದಾಖಲೆಗಳನ್ನೆಲ್ಲ ತೆರೆದು ನೋಡಿದರು. ಎಲ್ಲ ನೆಟ್ಟಗಿತ್ತು. ಖುಷಿಯಾಗುವಷ್ಟು ತ್ರಾಣ ಇರಲಿಲ್ಲ.

ಸಂಜೆ ಮತ್ತೆ ಬಂದ ಚನ್ನಬಸಯ್ಯ ನಿಟ್ಟುಸಿರು ಬಿಟ್ಟರು. "ಬಚಾವಾದ್ವಿ. ಉಳಿದ ಕಾಗದಾನೂ ಈ ವಾರ ರದ್ದಿಗೆ ಕಳಸ್ತೀನಿ."

"ಬೇಡಿ ಸಾರ್. ಕಾಗದ ಇರ್ಲಿ."

"ನೀವ ಹೇಳಿದ್ರಲ್ರಿ, ಎಲ್ಲೂ ಹೋಗಂಗಿಲ್ಲಂತ?"

"ಹೇಳಿದ್ದೆ ಸಾರ್. ಇವತ್ತು ಹೇಳಕ್ಕಾಗಲ್ಲ."

ಡಾಕ್ಟರು ಅವರ ಮುಖವನ್ನೇ ನೋಡಿದರು. "ಇಡಾಕ ಜಾಗಾ ಇಲ್ಲ. ಬೇಕಂದ್ರ ನಿಮ್ಮ ಖೋಲ್ಯಾಗ ಇಟ್ಕೋರಿ."

ಮರುದಿನ ಕಡತದ ಗಂಟುಗಳು ಕಂಪ್ಯೂಟರ್ ಕೋಣೆಗೆ ಬಂದವು. ಗೋಡೆಗುಂಟ ಪೇರಿಸಿದ ಮೇಲೆ ಕುರ್ಚಿ ಹಿಂದೆ ಸರಿಸಲು ಜಾಗ ಉಳಿಯಲಿಲ್ಲ. ಕೇಶವಮೂರ್ತಿ ಅಡ್ಡಡ್ಡ ನುಸುಳಿ ಒಳಗೆ ಹೋಗಿ ಕೂತರು.