ಬ್ಯಾಟರಿಗೆ ಹೊಲಿದ ಕೌದಿ

ಟೇಲರ್ ಕಾಕಾ ಅವರ ಮೀನಖಂಡಗಳನ್ನು ನೋಡಿದವರು ಮತ್ತೊಮ್ಮೆ ಅವರ ಮುಖ ನೋಡುತ್ತಿದ್ದರು, ಎರಡೂ ಒಬ್ಬರವೇ ಹೌದೋ ಅಲ್ಲವೋ ಎಂದು. ಎದೆ ಚಪ್ಪಟೆ, ಭುಜ ಮುಂದಕ್ಕೆ ಬಾಗಿದ್ದು, ಕೈಗಳು ಸಣಕಲು. ಮೊಣಕಾಲಿನಿಂದ ಕೆಳಗೆ ಮಾತ್ರ ಪೈಲ್ವಾನನ ಕಾಲು ತಂದು ಜೋಡಿಸಿದಂತೆ ಗಂಟುಗಂಟಾಗಿತ್ತು. ಮಸ್ಕಿಯ ಬಜಾರದಲ್ಲಿ ಕೂತು ದಿನಕ್ಕೆ ಹತ್ತು ತಾಸು ಹೊಲಿಗೆ ಮಶೀನು ತುಳಿದು ಬಂದ ಕಾಲುಗಳವು. ಅಳತೆ ಕೊಡಲು ಬಂದವರು ಆ ಕಡೆ ಕಣ್ಣು ಹಾಯಿಸಿದರೆ, "ಏನ್ ನೋಡ್ತೀರಿ? ಇವನ್ನೂ ನಾನ ಹೊಲದೀನಿ," ಎನ್ನುತ್ತಿದ್ದರು.

ಮಂಗಳವಾರ ಅವರ ಅಂಗಡಿ ಬಂದ್. ಆ ದಿನ ಬೆಳಗಾದರೆ ಸೈಕಲ್ ತೆಗೆದುಕೊಂಡು ಗುಡ್ಡಕ್ಕೆ ಹೋಗುತ್ತಿದ್ದರು. ಮೇಲಿನ ಗುಡಿಗೆ ಭಕ್ತರು ಮೆಟ್ಟಿಲು ಹತ್ತುವ ಕಡೆಗಲ್ಲ, ಹಿಂಬದಿಗೆ. ಅಲ್ಲಿ ಕುರಿಗಳು ತಿರುಗಾಡಿ ಮಾಡಿದ ಒಂದು ದಾರಿಯಿತ್ತು, ಬರೀ ಕಲ್ಲು, ಮುಳ್ಳು, ಕಾಲಿಟ್ಟರೆ ಜಾರುವ ಗರಸು. ಹಳೆಯ ಕರಿ ಸೈಕಲ್ಲಿನ ಮಡ್‌ಗಾರ್ಡ್ ಕಿತ್ತು ಹಾಕಿ, ಸೀಟಿನ ಮೇಲೆ ಕೂಡದೆ, ನಿಂತುಕೊಂಡೇ ತುಳಿಯುತ್ತ ಹತ್ತುತ್ತಿದ್ದರು. ಮೇಲೆ ಎರಡು ಬಂಡೆಗಳ ಸಂದಿ ದಾಟಿ ಆಚೆ ಇಳಿದು, ಮತ್ತೆ ಹತ್ತಿ ಬರುತ್ತಿದ್ದರು. ಇದಕ್ಕೆ ಮೌಂಟೇನ್ ಬೈಕಿಂಗ್ ಅನ್ನುತ್ತಾರೆಂದು ಎಷ್ಟೋ ವರ್ಷಗಳ ಮೇಲೆ ನಾನು ಹೇಳಿದಾಗ, "ಹೌದಾ? ಹೆಸರು ಯಾವಾಗ ಇಟ್ರಲೇ?" ಎಂದು ಕೇಳಿದ್ದರು.

ನಮ್ಮ ಮನೆ ಅವರ ಮನೆಗೆ ಗೋಡೆ ಹಚ್ಚಿಕೊಂಡೇ ಇತ್ತು. ಅಪ್ಪ ತೀರಿಕೊಂಡಾಗ ನಾನು ಒಂಬತ್ತನೆಯ ತರಗತಿ. ಶಾಲೆಗೆ ಹೋಗುವುದನ್ನು ಬಿಟ್ಟು ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದೆ. ಓಣಿಯವರೆಲ್ಲ ಬಂದು ಸಮಾಧಾನ ಹೇಳಿದರು. ಕಾಕಾ ಹೇಳಲಿಲ್ಲ. ಒಂದು ಪ್ಯಾಂಟು ಹೊಲಿದು ತಂದುಕೊಟ್ಟರು. ಮೊಣಕಾಲಿಗೂ ಕುಂಡಿಗೂ ಎರಡೆರಡು ಪದರು ಬಟ್ಟೆ ಹಾಕಿದ್ದರು.

"ಯಾಕ ಕಾಕಾ, ಡಬಲ್ ಹಾಕೀರಿ?"

"ಬೀಳ್ತಿ, ಅದಕ್ಕ."

ಮರುದಿನವೇ ಗುಡ್ಡಕ್ಕೆ ಕರೆದೊಯ್ದರು. ಬಿದ್ದೆ, ನಾಲ್ಕು ಸಲ. ಇಳಿಯುವಾಗ ಎಲ್ಲಿ ದೊಡ್ಡ ಕಲ್ಲು ಕಂಡರೂ ನನ್ನ ಸೈಕಲ್ ನೆಟ್ಟಗೆ ಅದಕ್ಕೇ ಹೋಗಿ ಬಡಿಯುತ್ತಿತ್ತು. "ಕಲ್ಲ್ ನೋಡಬ್ಯಾಡಲೇ! ಕಲ್ಲ್ ನೋಡಿದ್ರ ಕಲ್ಲಿಗೇ ಹೋಗ್ತಿ. ಅದರ ಬಾಜೂಕ ಜಾಗಾ ಐತಲ್ಲ, ಅದನ್ನ ನೋಡು," ಎಂದು ಮೇಲಿನಿಂದ ಕೂಗುತ್ತಿದ್ದರು. ಹತ್ತುವಾಗಿನ ಪಾಠ ಬೇರೆ ಇತ್ತು. "ಉಸಿರು ಸಾಕಂದ್ರ ಅಲ್ಲೇ ಇಳಿದುಬಿಡು. ಅದರಾಗ ನಾಚಿಕಿ ಇಲ್ಲ." ಹಾಗೆ ಹೇಳಿ ತಾವೂ ಇಳಿದು ಬಂಡೆಯ ನೆರಳಿನಲ್ಲಿ ಕೂತುಬಿಡುತ್ತಿದ್ದರು. ಆ ವಾರ ನಾನು ಶಾಲೆಗೆ ತಿರುಗಿ ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಆ ಪ್ಯಾಂಟು ಬಿಟ್ಟು ಬೇರೆ ಕಾರಣ ನನಗೆ ಹೊಳೆಯುವುದಿಲ್ಲ. ಓದಿದೆ, ಸೈನ್ಸ್ ಮಾಸ್ತರನಾದೆ, ಬಳಗಾನೂರಿನ ಹೈಸ್ಕೂಲಿಗೆ ಹೋಗಿಬರಲು ಅನುಕೂಲವೆಂದು ಸಿಂಧನೂರಿನಲ್ಲಿ ಮನೆ ಮಾಡಿದೆ.

ಅಷ್ಟರಲ್ಲಿ ಹೊಲಿಗೆ ಮಶೀನಿಗೆ ಕರೆಂಟಿನ ಮೋಟಾರು ಬಂದಿತ್ತು. ಕಾಕಾ ಕೂಡ ಹಾಕಿಸಿದರು. ಕಾಲಬೆರಳು ಒತ್ತಿದರೆ ಸಾಕು, ಸೂಜಿ ಓಡುತ್ತದೆ. ಎರಡು ಮೂರು ವರ್ಷಗಳಲ್ಲಿ ಆ ಮೀನಖಂಡಗಳು ಇಳಿದುಹೋದವು, ಚರ್ಮ ಜೋತು ಬಿತ್ತು. ಒಂದು ಮಂಗಳವಾರ ಅರ್ಧ ಗುಡ್ಡಕ್ಕೇ ತಿರುಗಿ ಬಂದರು. ಆಮೇಲೆ ಹೋಗಲೇ ಇಲ್ಲ. ಕರಿ ಸೈಕಲ್ಲಿನ ಮೇಲೆ ಅವರ ಹೆಂಡತಿ ಕಾಕಿ ಒಗೆದ ಬಟ್ಟೆ ಹರವತೊಡಗಿದರು. ಹೀಗೇ ಹದಿನಾರು ವರ್ಷ ಹೋದವು.

ಕಾಕಿಯ ಬಗ್ಗೆ ಹೇಳದೆ ಇದು ಪೂರ್ತಿಯಾಗದು. ಅಂಗಡಿಯಲ್ಲಿ ಉಳಿದ ಬಟ್ಟೆಯ ಚೂರುಗಳನ್ನೆಲ್ಲ ಚೀಲ ತುಂಬಿ ಮನೆಗೆ ತರಿಸಿಕೊಂಡು ಅವರು ಕೌದಿ ಹೊಲಿಯುತ್ತಿದ್ದರು. ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಮೊದಲ ಕೌದಿ ಇವರದೇ. ಕೊನೆಯ ತುಂಡು ಹಚ್ಚುವ ಮೊದಲು ಒಳಗೆ ನಾಲ್ಕು ಕಾಳು ಜೋಳ ಇಡುತ್ತಿದ್ದರು. ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತಾರೆ ಅದಕ್ಕೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ.

ಕಳೆದ ದಸರೆಯ ನಂತರ ಕಾಕಾ ಫೋನ್ ಮಾಡಿದರು. "ಮಾಸ್ತರ, ಐತಾರ ಖಾಲಿ ಅದಿಯೇನು? ಲಿಂಗಸುಗೂರಿಗೆ ಹೋಗಿ ಬರೂಣು ಬಾ." ಅಲ್ಲಿ ಅವರ ಹತ್ತಿರ ಬಟ್ಟೆ ಹೊಲಿಸುತ್ತಿದ್ದ ಒಬ್ಬ ಅಧಿಕಾರಿಗೆ ವರ್ಗವಾಗಿತ್ತು. ಗುಡ್ಡ ಹತ್ತುವಂಥ ದಪ್ಪ ಟಯರಿನ, ಬ್ಯಾಟರಿಯ ಸೈಕಲ್ಲನ್ನು ಮಾರುವವರಿದ್ದರು. ತುಳಿದರೆ ಮೋಟಾರೂ ಜೊತೆಗೆ ತುಳಿಯುತ್ತದೆ. ಕಾಕಾ ಲುಂಗಿ ಬಿಟ್ಟು ಪ್ಯಾಂಟು ಹಾಕಿಕೊಂಡು ಬಂದಿದ್ದರು. ಹತ್ತಿ ಕೂತು ಒಂದು ಸಲ ಪೆಡಲ್ ಒತ್ತಿದ್ದೇ, ಗಾಡಿ ಮುಂದಕ್ಕೆ ಜಿಗಿಯಿತು. "ಅಯ್ಯ, ಯಾರೋ ಹಿಂದ ಕೈ ಹಚ್ಚ್ಯಾರಲೇ!" ಎಂದು ತಿರುಗಿ ನೋಡಿದರು. ಆಗ ಅವರಿಗೆ ಅರವತ್ತೈದು ದಾಟಿತ್ತು.

ಮುಂದಿನ ಮಂಗಳವಾರ ಅವರು ಗುಡ್ಡ ಹತ್ತುವುದನ್ನು ನೋಡಲು ರಜೆ ಹಾಕಿ ಹೋದೆ. ನಾನು ನಡೆದು ಹಿಂದೆ ಬಿದ್ದೆ, ಅವರು ಸೈಕಲ್ ಮೇಲೆ ಮುಂದೆ. ಸಂದಿಯ ಹತ್ತಿರ ತಲುಪಿದಾಗ ಅವರು ಹ್ಯಾಂಡಲ್ ಹಿಡಿದುಕೊಂಡೇ ಅಳುತ್ತ ನಿಂತಿದ್ದರು. ನನ್ನನ್ನು ಕಂಡು ಮುಖ ಒರೆಸಿಕೊಂಡು, "ಗಾಳಿ ಭಾಳ ಐತಿ," ಎಂದರು. ಗಾಳಿ ಇರಲಿಲ್ಲ. ಚಳಿಗಾಲ ಪೂರ್ತಿ ಒಂದು ಮಂಗಳವಾರವನ್ನೂ ತಪ್ಪಿಸಲಿಲ್ಲ. ಹಿಂದಿನಂತೆ ನಡುವೆ ಇಳಿದು ಕೂಡುವುದನ್ನು ಮಾತ್ರ ಬಿಟ್ಟಿದ್ದರು. ಇಳಿಯುವ ಅಗತ್ಯವೇ ಬೀಳುತ್ತಿರಲಿಲ್ಲ. ಸೋಮವಾರ ಬ್ಯಾಟರಿಯನ್ನು ಚಾರ್ಜಿಗೆ ಹಾಕುವುದು ಕಾಕಿಯ ಕೆಲಸವಾಗಿತ್ತು.

ಏಪ್ರಿಲ್ ಬಂತು. ನಮ್ಮ ಕಡೆಯ ಏಪ್ರಿಲ್ ಎಂಥದ್ದೆಂದು ಹೇಳಬೇಕಾಗಿಲ್ಲ. ಬ್ಯಾಟರಿ ಬಿಸಿಯಾಗಬಾರದೆಂದು ಮಾರಿದವರು ಹೇಳಿದ್ದ ಮಾತು ಕಾಕಾಗೆ ನೆನಪಾಯಿತು, ಅದನ್ನವರು ಕಾಕಿಗೆ ಹೇಳಿದರು. ಆ ಭಾನುವಾರ ನಾನು ಹೋದಾಗ ಬ್ಯಾಟರಿಗೆ ಒಂದು ಸಣ್ಣ ಕೌದಿ ತಯಾರಾಗಿತ್ತು. ಆರು ಪದರು, ಸುತ್ತಲೂ ಗುಂಡಿ, ವಾಯರ್ ಹೊರಬರಲು ಒಂದು ಕಾಜಾ. ಸರಿಯಾಗಿ ಅಳತೆ ತೆಗೆದು ಹೊಲಿದದ್ದು, ಕೂಸಿಗೆ ಕುಲಾವಿ ಕೂತಂತೆ ಕೂತಿತ್ತು.

"ಬಿಸಲು ಎಳ್ಳಷ್ಟೂ ಒಳಗ ಹೋಗಂಗಿಲ್ಲ, ನೋಡೋ," ಎಂದರು ಕಾಕಿ. "ಹೊಟ್ಟೀನೂ ತುಂಬಿಸೀನಿ."

"ಐಸ್ ಮಾರಾವ್ರು ಗೋಣಿತಟ್ಟು ಸುತ್ತತಾರಲ್ಲ, ಹಂಗ," ಎಂದು ಕಾಕಾ ನನಗೇ ಸೈನ್ಸ್ ಹೇಳಿದರು.

ಆ ತಿಂಗಳೇ ನಾನು ಬಳಗಾನೂರಿನಲ್ಲಿ ಮಕ್ಕಳಿಗೆ ಇದೇ ಪಾಠ ಮಾಡಿದ್ದೆ. ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ, ಹೊರಗಿನದನ್ನು ಒಳಗೆ ಬಿಡುವುದಿಲ್ಲ, ಒಳಗಿನದನ್ನು ಹೊರಗೆ ಬಿಡುವುದಿಲ್ಲ. ಐಸಿನ ಒಳಗೆ ಬಿಸಿಯಿಲ್ಲ. ಗುಡ್ಡ ಹತ್ತುವ ಬ್ಯಾಟರಿಯ ಒಳಗೇ ಬಿಸಿ ಹುಟ್ಟುತ್ತದೆ. ಕೌದಿ ನೋಡಿದ ಕ್ಷಣವೇ ನನಗೆ ಇದು ಹೊಳೆಯಿತು. ಹೊಳೆಯಲಿಲ್ಲ ಎಂದು ಬರೆದುಕೊಳ್ಳಲು ನನಗೆ ಇಷ್ಟವಿದೆ, ಆದರೆ ಹೊಳೆಯಿತು. ಕಾಕಿಯ ಮುಖ ನೋಡಿದೆ. ಅಷ್ಟು ಹಿಗ್ಗಿದ್ದ ಮುಖಕ್ಕೆ ಅದನ್ನು ಬಿಚ್ಚಿರಿ ಎನ್ನಲು ಬಾಯಿ ಬರಲಿಲ್ಲ. ಮುಂದಿನ ಭಾನುವಾರ ಕಾಕಾಗೆ ಒಬ್ಬರಿಗೇ ಹೇಳಿದರಾಯಿತು ಅಂದುಕೊಂಡೆ. "ಭಾಳ ಚಂದ ಆಗೇತಿ ಕಾಕಿ," ಎಂದೆ. ಫೋಟೋ ತೆಗೆದುಕೊಂಡು ಹೋಗಿ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿ ನಗಿಸಿದೆ.

ಮುಂದಿನ ಭಾನುವಾರ ಬರುವ ಮೊದಲು ಮಂಗಳವಾರ ಬಂತು.

ಆ ದಿನ ನಡೆದದ್ದನ್ನು ಹೇಳಿದವನು ಒಬ್ಬ ಕುರಿಗಾರ. ಕಾಕಾ ಸಂದಿ ದಾಟಿ ಆಚೆ ಇಳಿದು, ತಿರುಗಿ ಹತ್ತುವಾಗ ಅರ್ಧ ದಾರಿಯಲ್ಲಿ ಮೋಟಾರು ನಿಂತಿತು. ಬ್ಯಾಟರಿಯ ಸೈಕಲ್ಲು, ಎತ್ತಿದರೆ ಸಣ್ಣ ಅಕ್ಕಿ ಚೀಲದಷ್ಟು ಭಾರ. ಅದನ್ನು ಆ ಬಿಸಿಲಿನಲ್ಲಿ ಮೇಲಕ್ಕೆ ನೂಕುತ್ತಿದ್ದರಂತೆ. "ಯಜ್ಜಾ, ಅಲ್ಲೇ ಬಿಟ್ಟು ಬಾ, ಯಾರ್ ಒಯ್ತಾರ ಅದನ್ನ, ಅಂತ ನಾ ಒದರಿದೆ ರೀ," ಎಂದ ಕುರಿಗಾರ. "ಬಿಸಲಾಗ ಬಿಟ್ರ ಕೆಡತೈತೋ, ಅಂದ. ಇನ್ನೊಂದೀಟು ನೂಕಿದ. ಆಮ್ಯಾಲೆ ಸೈಕಲ್ಲನ್ನ ನೆಳ್ಳಿಗೆ ನಿಂದರಿಸಿ, ತಾ ಬಾಜೂಕ ಕುಂತ. ನಾ ನೀರ್ ತಗೊಂಡು ಹೋಗೂದ್ರಾಗ ವಾಲಿದ್ದ ರೀ."

ಲಿಂಗಸುಗೂರಿನ ಆಸ್ಪತ್ರೆಗೆ ಒಯ್ದರು. ದಾರಿಯಲ್ಲಿಯೇ ಮುಗಿದಿತ್ತು ಎಂದರು ಡಾಕ್ಟರು.

ನಾನು ಮಸ್ಕಿಗೆ ತಲುಪಿದಾಗ ಮಧ್ಯಾಹ್ನವಾಗಿತ್ತು. ಒಳಗೆ ಹೆಣ್ಣುಮಕ್ಕಳ ಅಳು. ಸೈಕಲ್ಲನ್ನು ಯಾರೋ ತಂದು ಅಂಗಳದ ಗೋಡೆಗೆ ಆನಿಸಿದ್ದರು. ಕೌದಿಯೊಳಗೆ ಕೈ ಹಾಕಿದೆ. ಒಲೆಯಿಂದ ಇಳಿಸಿದ ಹಂಚಿನ ಹಾಗೆ ಇನ್ನೂ ಕಾವು ಇತ್ತು. ಒಂದೊಂದೇ ಗುಂಡಿ ಬಿಚ್ಚಿದೆ. ಗಾಳಿಯಾಡಲು ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಬಟನ್ ಒತ್ತಿದೆ. ನಾಲ್ಕು ಹಸಿರು ದೀಪಗಳಲ್ಲಿ ಮೂರು ಹತ್ತಿಕೊಂಡವು. ಚಾರ್ಜು ಬೇಕಾದಷ್ಟು ಇತ್ತು. ಕಾವು ಹೆಚ್ಚಾಗಿ ತನ್ನಷ್ಟಕ್ಕೆ ತಾನು ಬಂದ್ ಆಗಿತ್ತು, ಅಷ್ಟೆ. ದೀಪ ಆರಿಸಿ, ಕೌದಿಯನ್ನು ಮೊದಲಿನಂತೆ ಹಾಕಿ, ಎಲ್ಲ ಗುಂಡಿ ಹಚ್ಚಿದೆ. ನನ್ನ ಕೈ ಯಾಕೆ ಹಾಗೆ ಮಾಡಿತೋ ಗೊತ್ತಿಲ್ಲ. ಯಾರೂ ನೋಡಲಿಲ್ಲ.

ದಿನಕರ್ಮಗಳು ಮುಗಿದು ಬಂಧುಗಳು ಹೋದ ಮೇಲೆ ಕಾಕಿ ನನ್ನನ್ನು ಹತ್ತಿರ ಕೂಡಿಸಿಕೊಂಡರು.

"ನೀ ಸೈನ್ಸ್ ಕಲಿಸ್ತಿ. ಖರೇ ಹೇಳು. ಅದು ಯಾಕ ನಿಂತಿತು?"

ಏನು ಹೇಳಬೇಕಿತ್ತು? ನೀವು ಹೊಲಿದ ಕೌದಿಯಿಂದ ನಿಂತಿತು, ಅದು ನನಗೆ ಎರಡು ದಿನ ಮೊದಲೇ ಗೊತ್ತಿತ್ತು, ನಾನು ಚಂದ ಆಗಿದೆ ಅಂದೆ, ಎಂದು ಹೇಳಬೇಕಿತ್ತು. ಮೊದಲನೆಯ ಮಾತು ಅವರನ್ನು ಕೊಲ್ಲುತ್ತದೆಂದು ನಾನು ಸುಮ್ಮನಿದ್ದೆ ಎಂದು ಈವರೆಗೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಎರಡನೆಯ ಮಾತಿಗೆ ಹೆದರಿದ್ದೆ, ಅದು ಖರೆ.

"ಚಾರ್ಜ್ ಕಮ್ಮಿ ಇತ್ತು ಕಾಕಿ," ಎಂದೆ.

ಕಾಕಿ ತಮ್ಮ ಬಲಗೈಯನ್ನು ಎತ್ತಿ ನೋಡಿಕೊಂಡರು. "ಸೋಮಾರ ನಾನ ಹಚ್ಚಿದ್ನಲ್ಲೋ. ಹಂಗಾದ್ರ ನಾ ಗ್ವಾಡಿ ಬಟನ್ ಬರೋಬರಿ ಹಾಕಿಲ್ಲ."

"ಹಂಗಲ್ಲ ಕಾಕಿ, ಬ್ಯಾಟ್ರಿನ ಹಳೇದಾಗಿತ್ತು..."

"ನಾ ಹಾಕಿಲ್ಲ," ಎಂದರು. "ಒಲಿ ಮ್ಯಾಲೆ ಹಾಲು ಇಟ್ಟಿದ್ದೆ. ಅದರ ಗಡಬಡ್ಯಾಗ ಹಾಕಿಲ್ಲ."

ಒಂದು ಸುಳ್ಳು ಹೇಳಿ ಅವರನ್ನು ಉಳಿಸಿದೆನೆಂದು ನಾನು ಕೂತಿದ್ದೆ. ಆಮೇಲೆ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಮಾತಾಡಿಸಲು ಬಂದವರಿಗೆಲ್ಲ ಈಗ ಅದನ್ನೇ ಹೇಳುತ್ತಾರೆ, ಹಾಲಿನ ಗಡಿಬಿಡಿ, ಬಟನ್, ತಮ್ಮ ಕೈ. ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ. ಪ್ರತಿ ಭಾನುವಾರ ಬೆಳಿಗ್ಗೆ ಸಿಂಧನೂರಿನಿಂದ ಬಸ್ಸು ಹತ್ತುವಾಗ ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತೇನೆ. ಮಸ್ಕಿಯಲ್ಲಿ ಇಳಿಯುವ ಹೊತ್ತಿಗೆ ಆ ಧೈರ್ಯ ಇರುವುದಿಲ್ಲ.

ಕಾಕಿ ಈಗ ಮನೆಯ ಯಾವ ಬಟನ್ನನ್ನೂ ನಂಬುವುದಿಲ್ಲ. ಹೋದ ಭಾನುವಾರ ಫೋನನ್ನು ಚಾರ್ಜಿಗೆ ಹಾಕಿ, ಹತ್ತಿರ ಹೋಗಿ ಕಣ್ಣಿಟ್ಟು ನೋಡಿ, ಮತ್ತೆ ಬೆರಳಿನಿಂದ ಒತ್ತಿ, ಕೊನೆಗೆ ನನ್ನನ್ನು ಕರೆದರು.

"ಮಾಸ್ತರ, ಬಟನ್ ಬಿದ್ದೈತೇನು ನೋಡೋ. ನನ್ನ ಕೈ ಮ್ಯಾಲೆ ನಂಗ ಭರೋಸಾ ಇಲ್ಲ."

ಎದ್ದು ಹೋಗಿ ನೋಡಿದೆ.

"ಬಿದ್ದೈತಿ ಕಾಕಿ," ಎಂದೆ.