ನೀಲವ್ವನ ಮೂರನೆಯ ಸೂಜಿ

ಕೊರೊನಾ ಗದ್ದಲವೆಲ್ಲ ಅಡಗಿದ ಮೇಲಿನ ಮಾತು. ಮುಂಡಗೋಡ ತಾಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಹಿರಿಯ ಸ್ಟಾಫ್ ನರ್ಸ್; ನಿವೃತ್ತಿಗೆ ಒಂದು ತಿಂಗಳೂ ಉಳಿದಿರಲಿಲ್ಲ. ನನ್ನ ಊರು ಹಳಿಯಾಳ. ಮನೆಯಲ್ಲಿ ಕೊಂಕಣಿ, ಆಸ್ಪತ್ರೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನನ್ನ ಬಾಯಿ ಸ್ವಲ್ಪ ಜೋರು ಅನ್ನುವುದು ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತಿತ್ತು. ಆದರೂ ಜನ, ಈ ಕಡೆ ನರ್ಸಮ್ಮನನ್ನು ಕರೆಯುವಂತೆ, ಪ್ರೀತಿಯಿಂದ ‘ಬಾಯಾರ’ ಎಂದೇ ಕರೆಯುತ್ತಿದ್ದರು.

ನನಗೊಂದು ರೂಢಿ. ಯಾರಿಗೇ ಇಂಜೆಕ್ಷನ್ ಕೊಡುವುದಿದ್ದರೂ ಒಂದು ಕ್ಷಣ ನಿಂತು ಶಿಲುಬೆಯ ಗುರುತು ಹಾಕಿಕೊಳ್ಳುತ್ತೇನೆ. ಹಣೆ ಮುಟ್ಟಿದ ಕೈಯಲ್ಲೇ ಸೂಜಿ ಹಿಡೀತೀರಲ್ಲ ಎಂದು ಹಿಂದೊಮ್ಮೆ ಡಾಕ್ಟರೊಬ್ಬರು ಬೈದರು. ಬೈದದ್ದು ಸರಿಯೇ. ಅಂದಿನಿಂದ ಮೊದಲು ಶಿಲುಬೆ, ಆಮೇಲೆ ಸಾಬೂನು, ಆಮೇಲೆ ಸೂಜಿ. ಅದು ನನ್ನ ಮತ್ತು ದೇವರ ನಡುವಿನ ಮಾತು, ಯಾರು ನೋಡುತ್ತಾರೆ ಬಿಡು ಅಂದುಕೊಂಡಿದ್ದೆ.

ಮಳಗಿ ಊರ ಕಡೆಯ ನೀಲವ್ವ ಒಂದು ಶುಕ್ರವಾರ ಮಗ ಬಸವರಾಜನ ಬೈಕಿನಲ್ಲಿ ಬಂದಳು. ಎಪ್ಪತ್ತರ ಹತ್ತಿರದ ಮುದುಕಿ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಗೋವಿನಜೋಳದ ಹೊಲದಲ್ಲಿ ಬೀದಿನಾಯಿ ಕಾಲಿನ ಮೀನಖಂಡಕ್ಕೆ ಬಾಯಿ ಹಾಕಿತ್ತು. ಗಾಯ ತೊಳೆದು, ಗಾಯದ ಸುತ್ತ ರೋಗಾಣುವನ್ನು ಅಲ್ಲೇ ತಡೆಯುವ ಇಮ್ಯುನೊಗ್ಲೋಬ್ಯುಲಿನ್ ಮದ್ದು ಕೊಟ್ಟು, ರೇಬೀಸ್ ಲಸಿಕೆ ಶುರುಮಾಡಿದೆವು. ಮೊದಲ ಸೂಜಿಯ ದಿನವನ್ನು ಸೊನ್ನೆ ಎಂದು ಹಿಡಿದು ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನ ಮತ್ತೆ ಬರಬೇಕು. ಪ್ರತಿ ಸಲವೂ ಎರಡೂ ತೋಳಿಗೆ ಚರ್ಮದಲ್ಲೇ ಸಣ್ಣ ಗುಳ್ಳೆ ಏಳುವಂತೆ ಕೊಡುವ ಲಸಿಕೆ ಇದು. ರೇಬೀಸ್ ಒಮ್ಮೆ ತಲೆಗೇರಿದರೆ ಮದ್ದಿಲ್ಲ; ಆದ್ದರಿಂದ ಒಂದು ಸರದಿಯೂ ತಪ್ಪಬಾರದು. ಸೋಮವಾರದ್ದೂ ನಾನೇ ಕೊಟ್ಟೆ. ಮುದುಕಿ ನನ್ನ ಕೈಯನ್ನೇ ನೋಡುತ್ತ ಕುಳಿತಿದ್ದಳು.

ಏಳನೆಯ ದಿನ ಶುಭ ಶುಕ್ರವಾರ. ಕ್ರೈಸ್ತರಾದ ನಮಗೆ ಅದು ಉಪವಾಸದ, ಮೌನದ ದಿನ. ರಜೆ ಹಾಕಿ ಹಳಿಯಾಳಕ್ಕೆ ಹೋಗಿದ್ದೆ. ಮಧ್ಯಾಹ್ನ ಮೂರಕ್ಕೆ ಚರ್ಚಿನಲ್ಲಿ ಶಿಲುಬೆಯ ಯಾತನೆಯನ್ನು ಹೇಳುವ ಪಾಡಿನ ವಾಚನದ ಒಂದು ಭಾಗ ನಾನು ಓದುವುದಿತ್ತು. ಹನ್ನೊಂದರ ಸುಮಾರಿಗೆ ಶೋಭಾಳ ಫೋನು ಬಂತು. ಶೋಭಾ ನಮ್ಮಲ್ಲಿ ಹೊಸದಾಗಿ ಸೇರಿದ ನರ್ಸ್, ಧಾರವಾಡದ ಹುಡುಗಿ, ಕೆಲಸದಲ್ಲಿ ಚುರುಕು. ನೀಲವ್ವ ಅವಳಿಗೆ ತೋಳು ಮುಟ್ಟಗೊಡುತ್ತಿಲ್ಲವಂತೆ. ಬಾಯಾರ ಮಂತ್ರ ಹಾಕಿ ಚುಚ್ಚತಾರ, ಈ ತಂಗಿಗೆ ಮಂತ್ರ ಬರೂದಿಲ್ಲ, ಬರೇ ಸೂಜಿಗೆ ನಾಯಿ ವಿಷ ಇಳಿಯೂದಿಲ್ಲ ಅಂತ ಹಟ. ಪಕ್ಕದ ಊರಲ್ಲಿ ನಾಯಿ ಕಡಿತಕ್ಕೆ ಮಂತ್ರ ಹಾಕುವವನೊಬ್ಬ ಇದ್ದಾನೆ, ಅವನ ಹತ್ತಿರವೇ ಹೋಗೂಣು ಎಂದು ಮಗನಿಗೆ ಗಂಟುಬಿದ್ದಿದ್ದಾಳೆ.

ಅಯ್ಯೋ ದೇವರೇ, ನನ್ನ ಶಿಲುಬೆ ಮಂತ್ರವಾಗಿಬಿಟ್ಟಿತ್ತು! ಮೊದಲು ನಗು ಬಂತು, ಆಮೇಲೆ ಆ ಮಂತ್ರದವನ ನೆನಪಾಯಿತು. ಅವಳನ್ನು ಕೂಡಿಸಿಕೊಂಡಿರು, ಚಹಾ ಕುಡಿಸು ಎಂದು ಶೋಭಾಗೆ ಹೇಳಿ, ವಾಚನವನ್ನು ನನ್ನ ತಂಗಿಗೆ ಒಪ್ಪಿಸಿ, ಸಿಕ್ಕ ಬಸ್ಸು ಹತ್ತಿದೆ. ಆ ದಿನ ಚರ್ಚು ಬಿಟ್ಟು ಹೋಗುವುದು ನನಗೆ ಸಂಕಟವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಎರಡೂವರೆಗೆ ಮುಟ್ಟಿದೆ. ನನ್ನನ್ನು ಕಂಡದ್ದೇ ನೀಲವ್ವ ಕುಬುಸದ ತೋಳು ಮೇಲೇರಿಸಿದಳು. “ಮಾಡಿಬಿಡ್ರಿ ಅಕ್ಕಾ, ಮುಗದು ಹೋಗ್ತದ” ಎಂದು ಶೋಭಾ ಕಿವಿಯಲ್ಲಿ ಹೇಳಿದಳು. ಮಾಡಬಹುದಿತ್ತು. ಆದರೆ ಇಪ್ಪತ್ತೆಂಟನೆಯ ದಿನಕ್ಕೆ ನಾನು ನಿವೃತ್ತಳಾಗಿರುತ್ತಿದ್ದೆ. ಅವತ್ತು ಯಾರ ಮಂತ್ರ? ಅದಕ್ಕಿಂತ ಹೆಚ್ಚಾಗಿ, ನನ್ನ ದೇವರ ಹೆಸರಿನಲ್ಲಿ ಮುದುಕಿಗೆ ಸುಳ್ಳು ಹೇಳಿದಂತಾಗುತ್ತಿತ್ತು. ನಿಜ ಹೇಳಬೇಕೆಂದರೆ, ಯಾರಿಗೂ ಹೇಳದೆ ಇಟ್ಟುಕೊಂಡ ಮಾತೊಂದನ್ನು ಹೇಳಬೇಕಿತ್ತು. ಅದೂ ನನ್ನನ್ನು ಗುರುವಿನಂತೆ ಕಾಣುವ ಶೋಭಾಳ ಎದುರಿಗೆ. ಸ್ಟೂಲು ಎಳೆದುಕೊಂಡು ಮುದುಕಿಯ ಮುಂದೆ ಕುಳಿತೆ.

“ನೀಲವ್ವಾರ, ಅದು ಮಂತ್ರ ಅಲ್ಲರಿ. ಹೊಸದಾಗಿ ನೌಕರಿಗೆ ಸೇರಿದಾಗ ಬ್ಯಾರೆ ಜಿಲ್ಲಾದಾಗ ಒಬ್ಬ ಬಾಣಂತಿಗೆ ತಪ್ಪು ಔಷಧ ಚುಚ್ಚಲಿಕ್ಕೆ ಕೈ ಎತ್ತಿದ್ದೆ. ಕಡೀ ಗಳಿಗ್ಯಾಗ ಬಾಟ್ಲಿ ಮ್ಯಾಲಿನ ಹೆಸರು ಕಣ್ಣಿಗೆ ಬಿತ್ತು. ಇಲ್ಲಾಂದ್ರ ಆಕಿ ಉಳೀತಿದ್ದಿಲ್ಲ. ಅವತ್ತಿಂದ ನನಗ ಸೂಜಿ ಹಿಡಿಯಲಿಕ್ಕೆ ಅಂಜಿಕಿ. ಅದಕ್ಕ ದೇವರನ್ನ ನೆನಸತೇನಿ, ಬಾಟ್ಲಿ ಇನ್ನೊಮ್ಮೆ ನೋಡತೇನಿ. ವಿಷ ಇಳಸೂದು ಔಷಧ. ಶಿಲುಬಿ ನನ್ನ ಅಂಜಿಕಿಗೆ.”

ಶೋಭಾ ತಲೆ ತಗ್ಗಿಸಿದಳು. ಬಸವರಾಜ ಬಾಗಿಲ ಕಡೆ ನೋಡಿದ. ಇನ್ನು ಈ ಮುದುಕಿ ಎದ್ದು ನೆಟ್ಟಗೆ ಮಂತ್ರದವನ ಹತ್ತಿರ ಹೋಗುತ್ತಾಳೆ, ಎಲ್ಲ ಹಾಳುಮಾಡಿಕೊಂಡೆ ಅಂದುಕೊಂಡೆ.

ಆದರೆ ನೀಲವ್ವ ಏಳಲಿಲ್ಲ. ಶೋಭಾಳ ಕಡೆ ತಿರುಗಿ, “ಬಾರವಾ ತಂಗಿ, ನೀನ ಮಾಡು. ಆದರ ಬಾಯಾರಂಗ ಸ್ವಲ್ಪ ಅಂಜು. ಅಂಜಿದವರು ನೋಡಿ ಚುಚ್ಚತಾರ” ಎಂದಳು.

ಶೋಭಾ ಕೈ ತೊಳೆದು ಬಂದಳು. ಬಾಟಲಿಯ ಹೆಸರು, ಅವಧಿ ಮುಗಿಯುವ ದಿನಾಂಕ ಎಲ್ಲವನ್ನೂ ಗಟ್ಟಿಯಾಗಿ ಓದಿದಳು. ಒಂದು ಗಳಿಗೆ ಕಣ್ಣು ಮುಚ್ಚಿದಳು. ಯಾವ ದೇವರನ್ನು ನೆನೆದಳೋ ನಾನು ಕೇಳಲಿಲ್ಲ. ಎರಡೂ ತೋಳಲ್ಲಿ ಗುಳ್ಳೆ ಚೆನ್ನಾಗಿ ಎದ್ದವು. ನಾನು ಹಳಿಯಾಳ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು ಚರ್ಚಿನ ಅಂಗಳ ಬರಿದಾಗಿತ್ತು. ಹೊರಗೇ ನಿಂತು ಶಿಲುಬೆಯ ಗುರುತು ಹಾಕಿಕೊಂಡೆ.

ನನ್ನ ನಂಬಿಕೆ ಜನರಿಗೆ ಕಾಣುವುದು ಕೈಯ ಗುರುತಿನಲ್ಲಿ ಅಂದುಕೊಂಡಿದ್ದೆ. ಗುರುತು ಕಂಡವಳು ಅದನ್ನು ಮಂತ್ರ ಅಂದುಕೊಂಡಳು. ತಪ್ಪು ಒಪ್ಪಿಕೊಂಡಾಗ ಮಾತ್ರ ನಾನು ಎಂಥವಳು, ಯಾರನ್ನು ನಂಬಿದವಳು ಎಂಬುದು ಅವಳಿಗೆ ತಿಳಿಯಿತು. ಅಷ್ಟು ವರ್ಷದ ನೌಕರಿ ಕಲಿಸದಿದ್ದುದನ್ನು ಕೊನೆಯ ತಿಂಗಳು ಕಲಿಸಿತು.

ಇಪ್ಪತ್ತೆಂಟನೆಯ ದಿನ ನಾನು ಮನೆಯಲ್ಲಿದ್ದೆ. ಶೋಭಾಳ ಫೋನಿನಲ್ಲಿ ನೀಲವ್ವ ತಾನೇ ಮಾತಾಡಿದಳು. “ಕಡೀ ಸೂಜಿ ಆತ್ರಿ ಬಾಯಾರ. ಈ ತಂಗಿ ಭಾಳ ಛಲೋ ಅಂಜತಾಳ. ನಿಮ್ಮ ದೇವರಿಗೆ ಹೇಳ್ರಿ.”

ಹೇಳಿದೆ.